ಆಟಗಾರನೇ ತಂಡದ ಯಜಮಾನನಾಗಬಹುದೇ?

(ಅಂತಿಮ ಬಿ.ಎ. ವಿದ್ಯಾರ್ಥಿ, ದಬ್ಬೇಘಟ್ಟ)

ಆಟವೆಂದರೆ ಬರಿಯ ಮೈಕಸುವಿನ ಕೆಲಸವೆಂದು ತಿಳಿಯುವ ಕಾಲ ಹೋಯಿತು. ಅಂಕಣದಲ್ಲಿ ಏಳು ಮಂದಿಯೋ ಹನ್ನೊಂದು ಮಂದಿಯೋ ಆಡುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಅವರನ್ನು ಆರಿಸಿದವರು ಯಾರು, ಕೂಡಿಸಿ ಕರೆತಂದವರು ಯಾರು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳಿದವರು ಯಾರು, ಊಟಕ್ಕೂ ಬಸ್ಸಿಗೂ ಹಣ ಹೊಂದಿಸಿದವರು ಯಾರು ಎಂಬುದು ಕಾಣುವುದಿಲ್ಲ. ಕಾಣದ ಈ ಕೆಲಸಗಳನ್ನು ಮಾಡುವವನನ್ನು ಕೆಲವರು ಮ್ಯಾನೇಜರು ಎನ್ನುತ್ತಾರೆ, ಕೆಲವರು ಕೋಚ್ ಎನ್ನುತ್ತಾರೆ. ದೊಡ್ಡ ತಂಡಗಳಲ್ಲಿ ಇವರು ಬೇರೆ, ಆಟಗಾರರು ಬೇರೆ. ಬಡ ತಂಡಗಳಲ್ಲಿ ಹಾಗಲ್ಲ. ಅಲ್ಲಿ ಆಡುವವನೇ ನಡೆಸುವವನು, ಆಳೂ ತಾನೇ, ಅರಸೂ ತಾನೇ. ಈ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನನ್ನ ಅಲ್ಪಮತಿಗೆ ತೋಚಿದ ಮಟ್ಟಿಗೆ ವಿಚಾರಮಾಡುವುದು ಈ ಲೇಖನದ ಉದ್ದೇಶ. ಆಟವಾಡದ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದಾಗಿ ಬೇಡುತ್ತೇನೆ. ಸಂಬಂಧ ಹೇಗೆಂಬುದು ಕೊನೆಗೆ ತಿಳಿದೀತು.

ನಾನು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯವನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಲ್ಲಿ ಆಟಕ್ಕೇನೂ ಬರಗಾಲವಿಲ್ಲ. ಜಾತ್ರೆಗೊಂದು ಕಬಡ್ಡಿ, ಗಣೇಶೋತ್ಸವಕ್ಕೊಂದು ವಾಲಿಬಾಲು, ರಾಜ್ಯೋತ್ಸವಕ್ಕೊಂದು ಟೆನಿಸ್ ಚೆಂಡಿನ ಕ್ರಿಕೆಟ್ಟು, ಹೊನಲು ಬೆಳಕಿನ ಪಂದ್ಯಾವಳಿ ಎಂದು ಗೋಡೆಗೋಡೆಗೂ ಭಿತ್ತಿಪತ್ರ. ಈ ತಂಡಗಳಿಗೆ ಸಂಬಳದ ಮ್ಯಾನೇಜರನ್ನು ತರುವವರು ಯಾರು? ನಾಯಕನೇ ಎಲ್ಲ. ಪ್ರವೇಶ ಶುಲ್ಕಕ್ಕೆ ಚಂದಾ ಎತ್ತುವವನು ಅವನು. ಬನಿಯನ್ನುಗಳ ಮೇಲೆ ಅಚ್ಚು ಹಾಕಿಸಲು ತಿಪಟೂರಿಗೆ ಹೋಗಿಬರುವವನು ಅವನು. ಲಗೇಜ್ ಆಟೋ ಗೊತ್ತುಮಾಡುವವನು ಅವನು. ಅಂದು ಕಾಯಿ ಕೆಡವುವ ಕೆಲಸವಿದೆಯೆಂದು ಮಗನನ್ನು ಬಿಡದ ತಂದೆಯ ಮುಂದೆ ನಿಂತು, ‘ಅಣ್ಣ, ಇವತ್ತೊಂದು ದಿನ ಕಳಿಸಿಕೊಡಿ, ನಾಳೆ ನಾವೇ ನಾಲ್ಕು ಜನ ಬಂದು ಕಾಯಿ ಹೊತ್ತು ಹಾಕ್ತೀವಿ’ ಎಂದು ಬೇಡಿಕೊಳ್ಳುವವನೂ ಅವನೇ. ಇಷ್ಟೆಲ್ಲ ಆದಮೇಲೆ ಅಂಕಣಕ್ಕಿಳಿದು ಮೊದಲ ರೈಡು ಹೋಗುವವನೂ ಅವನೇ.

ಕಾಲೇಜಿನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸರ್ಕಾರಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕರಿದ್ದರೆ ಒಬ್ಬರು. ಆಟಗಳೋ ಎಂಟು ಹತ್ತು. ಅವರು ಖೊಖೊ ಹುಡುಗಿಯರ ಜೊತೆ ತುಮಕೂರಿಗೆ ಹೋದರೆ ವಾಲಿಬಾಲ್ ಹುಡುಗರನ್ನು ನಡೆಸುವವನು ವಾಲಿಬಾಲ್ ನಾಯಕನೇ. ಆದ್ದರಿಂದ ಆಡುವವನು ನಡೆಸಬಹುದೇ ಎಂಬ ಪ್ರಶ್ನೆ ನಮ್ಮ ಪಾಲಿಗೆ ಚರ್ಚಾಸ್ಪರ್ಧೆಯ ಪ್ರಶ್ನೆಯಲ್ಲ. ಅವನು ನಡೆಸದಿದ್ದರೆ ತಂಡವೇ ಇಲ್ಲ.

ಮೊದಲು ಈ ಪದ್ಧತಿಯ ಗುಣವನ್ನೇ ನೋಡೋಣ. ಆಡುವವನಿಗೆ ತಿಳಿಯುವುದು ದಡದಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ಯಾರಿಗೆ ಉಸಿರು ಕಟ್ಟಿದೆ, ಯಾರ ಮನಸ್ಸು ಕುಗ್ಗಿದೆ, ಎದುರಾಳಿಯ ಯಾವ ಮೂಲೆ ಸಡಿಲವಾಗಿದೆ ಎಂಬುದು ಪಕ್ಕದಲ್ಲಿ ಬೆವರುತ್ತಿರುವವನಿಗೆ ಬೇಗ ಗೊತ್ತಾಗುತ್ತದೆ. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ಹುಟ್ಟಿದ್ದೇ ಇಂಥ ಅನುಭವದಿಂದ. ಆಟದ ಕಾನೂನುಗಳೂ ಇದನ್ನು ಒಪ್ಪಿವೆ. ಕ್ರಿಕೆಟ್ಟಿನ ಕಾನೂನು ತಂಡದ ಹೊಣೆಯನ್ನು ಹೊರಿಸಿರುವುದು ನಾಯಕನ ಹೆಗಲಿಗೆ. ಟಾಸಿಗೆ ಮೊದಲು ಆಡುವವರ ಹೆಸರು ಕೊಡಬೇಕಾದವನು ಅವನೇ. ವಾಲಿಬಾಲಿನಲ್ಲಿ ಕೋಚ್ ಇಲ್ಲದ ತಂಡದ ಪರವಾಗಿ ವಿರಾಮ ಕೇಳುವ, ಆಟಗಾರರನ್ನು ಬದಲಾಯಿಸುವ ಅಧಿಕಾರ ಅಂಕಣದಲ್ಲಿರುವ ನಾಯಕನಿಗಿದೆ. ಕೋಚಿಲ್ಲದ ಬಡ ತಂಡಗಳುಂಟೆಂಬುದನ್ನು ಕಾನೂನು ಮಾಡಿದವರು ಮರೆತಿಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನಗಳಿವೆ. 1958-59ರಿಂದ 1972-73ರವರೆಗೆ ರಣಜಿ ಟ್ರೋಫಿಯನ್ನು ಸತತವಾಗಿ 15 ಸಲ ಗೆದ್ದ ಬೊಂಬಾಯಿ ತಂಡವನ್ನು 1973-74ರ ಸೆಮಿಫೈನಲಿನಲ್ಲಿ ಬೆಂಗಳೂರಿನಲ್ಲಿ ತಡೆದು ನಿಲ್ಲಿಸಿದ್ದು ಎರಪಳ್ಳಿ ಪ್ರಸನ್ನರ ನಾಯಕತ್ವದ ಕರ್ನಾಟಕ. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿಯನ್ನು ತಂದಿತು. ಇಂದಿನಂತೆ ತಂಡದ ಹಿಂದೆ ಕೋಚುಗಳ ಸಾಲೊಂದು ನಡೆದುಬರುವ ಕಾಲ ಅದಲ್ಲ. ಯಾವಾಗ ಯಾರಿಗೆ ಚೆಂಡು ಕೊಡಬೇಕೆಂಬ ತೀರ್ಮಾನ ನಾಯಕನದು. ಚೆಂಡು ಎಸೆದು ವಿಕೆಟ್ ಪಡೆಯಬೇಕಾದ ಮುಖ್ಯ ಸ್ಪಿನ್ನರುಗಳಲ್ಲಿ ಒಬ್ಬರೂ ಅದೇ ನಾಯಕರು.

ಇದಕ್ಕಿಂತ ಕಷ್ಟದ ಸ್ಥಿತಿಯಲ್ಲಿದ್ದವರು ನಮ್ಮ ಸೋದರಿಯರು. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸಿನ ಎದುರು ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲಿ. ನಾಯಕಿ ನಮ್ಮ ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ವರ್ಷ ಪಟ್ಣಾದಲ್ಲಿ ಮೊದಲ ಗೆಲುವೂ ಬಂದಿತು. ಮರುವರ್ಷ ನ್ಯೂಜಿಲೆಂಡಿನಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕವನ್ನು ಬಾರಿಸಿದವರೂ ಅವರೇ. ಕಾಯ್ದಿರಿಸದ ರೈಲುಡಬ್ಬಿಯಲ್ಲಿ ಪ್ರಯಾಣ, ಹಾಸಿಗೆಯನ್ನು ತಾವೇ ಹೊತ್ತು ಒಯ್ದು ನೆಲದ ಮೇಲೆ ಮಲಗುವುದು, ಇವೆಲ್ಲ ಅಂದಿನ ಆಟಗಾರ್ತಿಯರು ಹೇಳಿಕೊಂಡಿರುವ ಸಂಗತಿಗಳು. ಹಣವಿಲ್ಲದ ತಂಡದಲ್ಲಿ ನಾಯಕಿಯಾಗುವುದೆಂದರೆ ಬರಿಯ ಟಾಸ್ ಹಾಕುವುದಲ್ಲವೆಂಬುದನ್ನು ನಮ್ಮ ಖೊಖೊ ತಂಡದ ಹುಡುಗಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಣವಿಲ್ಲದವರ ಮಾತು ಹಾಗಿರಲಿ, ಹಣವುಳ್ಳವರೂ ಒಮ್ಮೊಮ್ಮೆ ಈ ದಾರಿ ಹಿಡಿದದ್ದುಂಟು. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ಬಾಸ್ಟನ್ ತಂಡದ ಬಿಲ್ ರಸೆಲ್ 1966ರಲ್ಲಿ ಆಡುತ್ತಲೇ ಕೋಚ್ ಆದರು. ಅಲ್ಲಿನ ದೊಡ್ಡ ಲೀಗಿನಲ್ಲಿ ಆ ಹುದ್ದೆಗೇರಿದ ಮೊದಲ ಕರಿಯರು ಅವರು. ಮೊದಲ ವರ್ಷ ಪ್ರಶಸ್ತಿ ತಪ್ಪಿತು. 1968 ಮತ್ತು 1969ರಲ್ಲಿ ಎರಡು ಬಾರಿ ಗೆದ್ದು ತೋರಿಸಿ ಆಟದಿಂದ ನಿವೃತ್ತರಾದರು. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದಲ್ಲಿ ಕೆನ್ನಿ ಡಾಲ್ಗ್ಲಿಷ್ 1985ರಲ್ಲಿ ಆಟಗಾರರಾಗಿದ್ದುಕೊಂಡೇ ಮ್ಯಾನೇಜರಾದರು. ಮೊದಲ ವರ್ಷವೇ ಲೀಗೂ ಎಫ್.ಎ. ಕಪ್ಪೂ ಎರಡೂ ಬಂದವು. ಲೀಗನ್ನು ಗೆದ್ದುಕೊಟ್ಟ ಗೋಲನ್ನು ಚೆಲ್ಸಿಯ ಮೈದಾನದಲ್ಲಿ ಹೊಡೆದವರು ಮ್ಯಾನೇಜರೇ! ನಮ್ಮ ದೇಶದ ಐ.ಪಿ.ಎಲ್. ಪಂದ್ಯಾವಳಿಯ ಮೊದಲ ವರ್ಷವಾದ 2008ರಲ್ಲಿ ಗೆದ್ದ ರಾಜಸ್ಥಾನ ತಂಡಕ್ಕೆ ಶೇನ್ ವಾರ್ನ್ ಅವರೇ ನಾಯಕ, ಅವರೇ ಕೋಚ್.

ಆದರೆ ಕನ್ನಡಿಗರು ಹತ್ತಿರದಿಂದ ಯೋಚಿಸಬೇಕಾದ ನಿದರ್ಶನ ಬೇರೊಂದಿದೆ. 2007ರ ವಿಶ್ವಕಪ್ಪಿನ ಸೋಲಿನ ತರುವಾಯ ಗ್ರೆಗ್ ಚಾಪೆಲ್ ಕೋಚ್ ಹುದ್ದೆಯನ್ನು ಬಿಟ್ಟರು. ಅಲ್ಲಿಂದ 2008ರಲ್ಲಿ ಗ್ಯಾರಿ ಕರ್ಸ್ಟನ್ ಬರುವವರೆಗೆ ಭಾರತ ತಂಡಕ್ಕೆ ಪೂರ್ಣಾವಧಿಯ ಮುಖ್ಯ ಕೋಚ್ ಇರಲಿಲ್ಲ. ಆ ಅವಧಿಯಲ್ಲಿ ಟೆಸ್ಟ್ ತಂಡದ ನೊಗ ಹೊತ್ತವರು ಒಬ್ಬರಾದ ಮೇಲೊಬ್ಬರಂತೆ ಇಬ್ಬರು ಬೆಂಗಳೂರಿನವರು, ರಾಹುಲ್ ದ್ರಾವಿಡ್ ಮತ್ತು ಅನಿಲ್ ಕುಂಬ್ಳೆ.

2007ರ ಬೇಸಗೆಯಲ್ಲಿ ದ್ರಾವಿಡರ ತಂಡ ಇಂಗ್ಲೆಂಡಿಗೆ ಹೋಯಿತು. ಎಪ್ಪತ್ತು ದಾಟಿದ ಚಂದು ಬೋರ್ಡೆಯವರು ಮ್ಯಾನೇಜರು. ಬೌಲಿಂಗಿಗೆ ನಮ್ಮವರೇ ಆದ ವೆಂಕಟೇಶ ಪ್ರಸಾದ್, ಫೀಲ್ಡಿಂಗಿಗೆ ರಾಬಿನ್ ಸಿಂಗ್. ಹಿರಿಯರ ಆಸರೆ ಇತ್ತು. ಆದರೆ ಆಟದ ಮುಖ್ಯ ಭಾರ ನಾಯಕನದು. ಮೂರು ಟೆಸ್ಟುಗಳ ಸರಣಿಯನ್ನು ಭಾರತ 1-0 ಅಂತರದಿಂದ ಗೆದ್ದಿತು. 1971 ಮತ್ತು 1986ರ ಅನಂತರ ಆ ನೆಲದಲ್ಲಿ ನಮಗೆ ದೊರೆತ ಮೂರನೆಯ ಸರಣಿ ಜಯ ಅದು. ಆದರೆ ಅದೇ ಸರಣಿಯ ಕೊನೆಯ ಟೆಸ್ಟಿನಲ್ಲಿ ನಾಯಕರು ಎದುರಾಳಿಗೆ ಫಾಲೋ ಆನ್ ಹೇರದೆ ತಾವೇ ಬ್ಯಾಟ್ ಹಿಡಿದರು. 96 ಎಸೆತಗಳನ್ನು ಎದುರಿಸಿ 12 ಓಟ ಮಾತ್ರ ಗಳಿಸಿದರು. ಟೀಕಾಕಾರರು ಸುಮ್ಮನಿರಲಿಲ್ಲ. ಸರಣಿ ಗೆದ್ದ ಮುಂದಿನ ತಿಂಗಳೇ, ಅಂದರೆ ಸೆಪ್ಟೆಂಬರಿನಲ್ಲಿ, ದ್ರಾವಿಡ್ ನಾಯಕತ್ವವನ್ನು ತಾವಾಗಿಯೇ ಬಿಟ್ಟರು. ಗೆದ್ದವನು ಗದ್ದುಗೆ ಬಿಡುವುದು ನಮ್ಮ ದೇಶದಲ್ಲಿ ಅಪರೂಪ. ಹೊರುವ ಭಾರವೂ ಆಡುವ ಕೈಯೂ ಒಂದೇ ಆದಾಗ ಕೈ ಬಿಗಿಯುತ್ತದೆಯೆಂದು ಇದರಿಂದ ನಾನು ತಿಳಿಯುತ್ತೇನೆ.

ಕುಂಬ್ಳೆಯವರ ಪಾಲಿಗೆ ಬಂದದ್ದು ಇನ್ನೂ ಬಿಸಿಯಾದ ಕೆಂಡ. 2008ರ ಜನವರಿಯಲ್ಲಿ ಸಿಡ್ನಿಯ ಟೆಸ್ಟ್ ಸೋತು, ಹರಭಜನ್ ಸಿಂಗರ ಮೇಲೆ ದೂರು ಬಂದು, ಪ್ರವಾಸವೇ ನಿಂತುಹೋಗುವಂತಿದ್ದಾಗ ಲೋಕದ ಪತ್ರಿಕೆಗಳೆದುರು ತಂಡದ ಪರವಾಗಿ ಮಾತನಾಡಬೇಕಾದವರು ಅವರು. ಮರುವಾರ ಪರ್ತ್‌ನಲ್ಲಿ ಚೆಂಡು ಎಸೆಯಬೇಕಾದವರೂ ಅವರೇ. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯ ಅಲ್ಲಿ 72 ಓಟಗಳಿಂದ ಸೋತಿತು.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಪರ್ತ್ ಅಲ್ಲ, ಅದೇ ವರ್ಷದ ಕೊನೆ. ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ಇಲ್ಲಿಗೆ ಬಂದಾಗ ಭುಜದ ನೋವಿನಿಂದ ಕುಂಬ್ಳೆ ಮೊಹಾಲಿಯ ಟೆಸ್ಟನ್ನು ಆಡಲಿಲ್ಲ. ಧೋನಿ ತಂಡವನ್ನು ನಡೆಸಿದರು. ಮೊದಲ ಟೆಸ್ಟ್ ಆಡಿದ ಅಮಿತ್ ಮಿಶ್ರಾ ಒಂದೇ ಸರದಿಯಲ್ಲಿ ಐದು ವಿಕೆಟ್ ಪಡೆದರು. ಭಾರತ 320 ಓಟಗಳಿಂದ ಗೆದ್ದಿತು. ಮುಂದಿನ ದೆಹಲಿ ಟೆಸ್ಟಿಗೆ ಕುಂಬ್ಳೆ ಮರಳಿದರು. ಅಲ್ಲಿ ಕೈಬೆರಳಿಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಆ ಪಂದ್ಯದ ಕೊನೆಯ ದಿನ, ನವೆಂಬರ್ 2ರಂದು, 619 ಟೆಸ್ಟ್ ವಿಕೆಟ್‌ಗಳ ಒಡೆಯನಾದ ನಾಯಕ ತಾನು ಇನ್ನು ಆಡುವುದಿಲ್ಲವೆಂದು ಸಾರಿದರು. ಸರಣಿ ಮುಗಿದಿರಲಿಲ್ಲ, ಇನ್ನೊಂದು ಟೆಸ್ಟ್ ಉಳಿದಿತ್ತು. ನಾಯಕ ತನ್ನ ಹೆಸರನ್ನು ತಾನೇ ಹೊಡೆದುಹಾಕುವುದು ಎಷ್ಟು ಕಠಿಣವೆಂಬುದನ್ನು ಒಂದು ಊರಿನ ತಂಡ ನಡೆಸಿದವರೂ ಬಲ್ಲರು.

ಈಗ ಈ ಪದ್ಧತಿಯ ದೋಷಕ್ಕೆ ಬರುತ್ತೇನೆ. ತನ್ನ ಬೆನ್ನು ತನಗೆ ಕಾಣದು. ಇತರ ಹತ್ತು ಮಂದಿಯ ಆಟವನ್ನು ಸೂಕ್ಷ್ಮವಾಗಿ ಅಳೆಯಬಲ್ಲ ನಾಯಕನಿಗೆ ಹನ್ನೊಂದನೆಯವನ ಆಟ ಕಾಣುವುದಿಲ್ಲ, ಏಕೆಂದರೆ ಆ ಹನ್ನೊಂದನೆಯವನು ತಾನೇ. ನಮ್ಮ ಕಡೆಯ ಒಂದು ಕಬಡ್ಡಿ ತಂಡದಲ್ಲಿ ನಾನು ಕಣ್ಣಾರೆ ಕಂಡದ್ದಿದು. ನಾಯಕ ಬಲು ಒಳ್ಳೆಯವನು; ತಂಡಕ್ಕಾಗಿ ಕೈಯಿಂದ ಹಣ ಹಾಕಿದವನು. ಆದರೆ ಅವನ ಮೊಣಕಾಲು ಎರಡು ವರ್ಷದಿಂದ ಕೆಟ್ಟಿತ್ತು. ಆದರೂ ಪ್ರತಿ ಪಂದ್ಯದಲ್ಲೂ ಮೊದಲ ರೈಡರು ಅವನೇ. ಅವನಿಗಿಂತ ಚುರುಕಾದ, ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ಎರಡು ವರ್ಷ ಬನಿಯನ್ನು ತೊಟ್ಟುಕೊಂಡು ಗೆರೆಯ ಆಚೆಯೇ ಕುಳಿತ. ಯಾರೋ ಕೇಳಿದ್ದಕ್ಕೆ ನಾಯಕ ಹೇಳಿದ್ದು: ‘ಎಲ್ಲಾ ನಾನೇ ಓಡಾಡಿ ಮಾಡೀವ್ನಿ, ನಾನು ಆಡ್ದೆ ಇನ್ಯಾರು ಆಡ್ಬೇಕು?’ ಈ ಮಾತಿನಲ್ಲಿ ಮೋಸವಿಲ್ಲ, ಕಪಟವಿಲ್ಲ. ಪಟ್ಟ ಶ್ರಮಕ್ಕೆ ಕೂಲಿ ಕೇಳುವ ಮಾತು ಅದು. ಆದರೆ ಆ ಕೂಲಿಯನ್ನು ತೆತ್ತವನು ಗೆರೆಯ ಆಚೆ ಕುಳಿತ ಹುಡುಗ. ಆಡದವನಿಗೆ ಕ್ರೀಡಾ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದವನಿಗೆ ಕ್ರೀಡಾ ಮೀಸಲಿನ ಸೀಟೂ ಇಲ್ಲ, ನೌಕರಿಯ ಅರ್ಜಿಯಲ್ಲಿ ಆ ಅಂಕಣ ತುಂಬುವ ಭಾಗ್ಯವೂ ಇಲ್ಲ. ಅವನೀಗ ಮಂಡಿಯಲ್ಲಿ ಕಾಯಿ ಸುಲಿಯುತ್ತಾನೆ. ಆ ಕೆಲಸ ಹೀನವೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯ ಅನ್ನವೂ ಅದರಿಂದಲೇ ಬಂದದ್ದು. ಅವನ ಪಾಲಿಗೆ ಇನ್ನೊಂದು ಬಾಗಿಲೂ ತೆರೆದಿತ್ತೆಂದಷ್ಟೇ ಹೇಳುತ್ತೇನೆ.

ಇದೇ ದೋಷ ದೊಡ್ಡ ರಂಗದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದಕ್ಕೆ ಚರಿತ್ರೆ ಒಂದು ಜೋಡಿ ಚಿತ್ರಗಳನ್ನು ಕೊಟ್ಟಿದೆ. 1932ರಲ್ಲಿ ಭಾರತ ತಂಡ ಮೊದಲ ಟೆಸ್ಟ್ ಆಡಲು ಇಂಗ್ಲೆಂಡಿಗೆ ಹೋದಾಗ ನಾಯಕರು ಪೋರಬಂದರಿನ ಮಹಾರಾಜರು. ಆಟದಲ್ಲಿ ತಾವು ಆ ಮಟ್ಟದವರಲ್ಲವೆಂಬುದು ಅವರಿಗೆ ತಿಳಿದಿತ್ತು. ಲಾರ್ಡ್ಸ್ ಮೈದಾನದ ಆ ಏಕೈಕ ಟೆಸ್ಟಿನಿಂದ ಅವರು ಹಿಂದೆ ಸರಿದು ಸಿ.ಕೆ. ನಾಯುಡುರವರಿಗೆ ನಾಯಕತ್ವ ಬಿಟ್ಟುಕೊಟ್ಟರು. ನಾಲ್ಕು ವರ್ಷಗಳ ಅನಂತರ, 1936ರಲ್ಲಿ, ಅದೇ ನಾಡಿಗೆ ತಂಡವನ್ನು ಕರೆದೊಯ್ದವರು ವಿಜಯನಗರದ ಮಹಾರಾಜಕುಮಾರರು, ಜನ ಕರೆಯುವಂತೆ ‘ವಿಜ್ಜಿ’. ಅವರು ಮೂರು ಟೆಸ್ಟುಗಳನ್ನೂ ಆಡಿದರು. ಮೂರರಲ್ಲಿಯೂ ಸೇರಿ ಗಳಿಸಿದ ಓಟ 33. ತಂಡದ ಶ್ರೇಷ್ಠ ಆಟಗಾರರಲ್ಲಿ ಒಬ್ಬರಾಗಿದ್ದ ಲಾಲಾ ಅಮರನಾಥರನ್ನು ಮೊದಲ ಟೆಸ್ಟಿಗೂ ಮುನ್ನ ಹಡಗು ಹತ್ತಿಸಿ ಊರಿಗೆ ಕಳುಹಿಸಲಾಯಿತು. ಭಾರತ ಆ ಸರಣಿಯನ್ನು 2-0 ಅಂತರದಿಂದ ಸೋತಿತು. ಇಬ್ಬರೂ ಅರಮನೆಯವರೇ, ಆಟದಲ್ಲಿ ಇಬ್ಬರೂ ಸಾಮಾನ್ಯರೇ. ಒಬ್ಬರು ತಮ್ಮ ಹೆಸರನ್ನು ತಾವೇ ತೆಗೆದರು, ಇನ್ನೊಬ್ಬರು ತೆಗೆಯಲಿಲ್ಲ. ವ್ಯತ್ಯಾಸ ಅಷ್ಟೇ.

ಅರಸುಮಕ್ಕಳ ಮಾತಾಯಿತು, ನಿಜವಾದ ಪ್ರತಿಭಾವಂತರ ಕಥೆಯೂ ಇದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಪೀಟ್ ರೋಸ್ 1984ರಲ್ಲಿ ಸಿನ್ಸಿನಾಟಿ ತಂಡಕ್ಕೆ ಆಡುವ ಮ್ಯಾನೇಜರಾದರು. ಯಾರನ್ನು ಆಡಿಸಬೇಕೆಂಬ ಪಟ್ಟಿ ಬರೆಯುವ ಲೇಖನಿ ಅವರ ಕೈಯಲ್ಲಿ. ಟೈ ಕಾಬ್ ಅವರ 4,191 ಹಿಟ್‌ಗಳ ಹಳೆಯ ದಾಖಲೆ ಅವರ ಕಣ್ಣೆದುರಿನಲ್ಲಿ. 1985ರ ಸೆಪ್ಟೆಂಬರಿನಲ್ಲಿ, ತಮ್ಮ 44ನೆಯ ವಯಸ್ಸಿನಲ್ಲಿ, ಆ ದಾಖಲೆಯನ್ನು ಮುರಿದರು. ಮರುವರ್ಷವೂ ಆಡಿದರು, ಕೈ ಮಾತ್ರ ಮೊದಲಿನಂತೆ ಓಡಲಿಲ್ಲ. ಮುಂದೆ ಬೇಸ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದರೆಂಬ ಆರೋಪದಲ್ಲಿ 1989ರಲ್ಲಿ ಅವರನ್ನು ಆ ಆಟದಿಂದಲೇ ಹೊರಹಾಕಲಾಯಿತು; ಆ ನಿಷೇಧವನ್ನು ತೆಗೆದದ್ದು ಅವರು ತೀರಿಕೊಂಡ ಮರುವರ್ಷ, 2025ರಲ್ಲಿ. ಬಾಜಿಯ ವಿಚಾರ ಬೇರೆ. ಅದನ್ನು ಇದಕ್ಕೆ ಗಂಟುಹಾಕುವುದು ನ್ಯಾಯವಲ್ಲ. ಆದರೆ ಪಟ್ಟಿ ಬರೆಯುವವನ ಕಣ್ಣೆದುರು ತನ್ನದೇ ದಾಖಲೆ ನಿಂತಿರುವಾಗ, ಆ ಲೇಖನಿ ನಿಷ್ಪಕ್ಷಪಾತವಾಗಿ ಬರೆದೀತೆಂದು ಹೇಳುವ ಧೈರ್ಯ ಯಾರಿಗಿದೆ? ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನವರಂತೂ ತಂಡಗಳ ಸಂಬಳಕ್ಕೆ ಮಿತಿ ಹಾಕಿದಾಗ ಆಡುವ ಕೋಚ್ ಎಂಬ ಪದ್ಧತಿಯನ್ನೇ ನಿಲ್ಲಿಸಿಬಿಟ್ಟರು. ಆಟಗಾರನಿಗೆ ಕೊಡುವ ಹಣವನ್ನು ಕೋಚಿನ ಸಂಬಳದ ಲೆಕ್ಕಕ್ಕೆ ಬರೆದು ಮಿತಿಯನ್ನು ತಪ್ಪಿಸಿಕೊಳ್ಳಬಹುದಲ್ಲವೇ ಎಂಬ ಭಯ ಅವರಿಗೆ.

ಹಾಗಾದರೆ ನಾವೂ ಈ ಪದ್ಧತಿಯನ್ನು ನಿಲ್ಲಿಸಿಬಿಡಬೇಕೇ? ನಿಲ್ಲಿಸುವುದಕ್ಕೆ ನಮ್ಮಲ್ಲಿ ಬೇರೆ ದಾರಿ ಇಲ್ಲವೆಂದು ಆಗಲೇ ಹೇಳಿದ್ದೇನೆ. ದಾರಿ ಇದ್ದರೂ ನಿಲ್ಲಿಸಬಾರದೆಂಬುದು ನನ್ನ ಅಭಿಪ್ರಾಯ. ದೋಷವಿರುವುದು ಆಡುವವನು ನಡೆಸುವುದರಲ್ಲಿ ಅಲ್ಲ. ನಡೆಸುವವನ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಎಳೆಗಳಿವೆ. ಒಂದು, ಆಟ ನಡೆಯುವಾಗ ತೀರ್ಮಾನ ಮಾಡುವುದು. ಇದು ನಾಯಕನಿಗೇ ಸಲ್ಲಬೇಕು. ಎರಡು, ಇತರ ಆಟಗಾರರನ್ನು ಆರಿಸುವುದು, ಪಳಗಿಸುವುದು. ಇದರಲ್ಲಿಯೂ ಅವನ ಮಾತೇ ಮುಖ್ಯವಾಗಬೇಕು. ಮೂರು, ತನ್ನನ್ನು ತಾನು ಆರಿಸಿಕೊಳ್ಳುವುದು. ಈ ಮೂರನೆಯ ಎಳೆಯೊಂದನ್ನು ಮಾತ್ರ ಬಿಡಿಸಿ ಬೇರೆಯವರ ಕೈಗೆ ಕೊಡಬೇಕು. ಹೆಚ್ಚೇನೂ ಬೇಡ, ಇಷ್ಟೇ ಸಾಕು.

ಇದನ್ನು ನಮ್ಮ ಸೀಮೆಯ ಮಾತಿನಲ್ಲಿಯೇ ಹೇಳುವುದಾದರೆ, ಕೊಬ್ಬರಿ ತಂದವನ ಕೈಗೆ ಯಾವ ಮಂಡಿಯಲ್ಲಾದರೂ ತಕ್ಕಡಿ ಕೊಡುವುದುಂಟೇ? ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿ ಮಾಡಿ ತಿಪಟೂರಿಗೆ ಒಯ್ಯುವ ರೈತ ಪ್ರಾಮಾಣಿಕನೇ. ಆದರೂ ತೂಗುವವನು ಬೇರೆ. ರೈತ ಕಳ್ಳನೆಂದು ಅಲ್ಲ. ತನ್ನ ಮಾಲು ತನ್ನ ಕಣ್ಣಿಗೆ ಯಾವಾಗಲೂ ಒಂದು ಹಿಡಿ ಹೆಚ್ಚಾಗಿಯೇ ಕಾಣುತ್ತದೆಂದು. ಹೆತ್ತವರಿಗೆ ಹೆಗ್ಗಣ ಮುದ್ದು. ನಾಯಕನಿಗೆ ತನ್ನ ಆಟ ಮುದ್ದು. ಇದು ಮನುಷ್ಯಸ್ವಭಾವ; ಇದರಲ್ಲಿ ನಾಚಿಕೆಪಡುವಂಥದ್ದಿಲ್ಲ.

ಮೇಲೆ ಹೇಳಿದ ಯಶಸ್ವೀ ನಿದರ್ಶನಗಳನ್ನು ಮತ್ತೊಮ್ಮೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಡಾಲ್ಗ್ಲಿಷ್ ಒಂಟಿಯಾಗಿರಲಿಲ್ಲ, ಹಿಂದಿನ ಹೆಸರಾಂತ ಮ್ಯಾನೇಜರು ಬಾಬ್ ಪೇಸ್ಲಿ ಅವರ ಬೆನ್ನಿಗೆ ಸಲಹೆಗಾರರಾಗಿ ನಿಂತಿದ್ದರು. ಲೀಗು ಗೆದ್ದ ಆ ವರ್ಷ 42 ಪಂದ್ಯಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಡಾಲ್ಗ್ಲಿಷ್ ಮೈದಾನಕ್ಕಿಳಿದರು. ಉಳಿದವುಗಳಲ್ಲಿ ಮ್ಯಾನೇಜರು ಆಟಗಾರನನ್ನು ಹೊರಗೇ ಇರಿಸಿದರು. ಹಾಗೆಯೇ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ವೀರಣ್ಣನವರನ್ನು ನೋಡಿ. ನಾಟಕದ ಕಂಪನಿಯೂ ಒಂದು ತಂಡವೇ. ಆಡುತ್ತ ನಡೆಸುವುದರಲ್ಲಿ ಅವರನ್ನು ಮೀರಿಸಿದವರು ಕನ್ನಡ ನಾಡಿನಲ್ಲಿ ಯಾರಿದ್ದಾರೆ? ಆನೆಗಳನ್ನೇ ರಂಗಕ್ಕೆ ತಂದ ಆ ಕಂಪನಿಯ ಯಜಮಾನರು ಬಯಸಿದ್ದರೆ ಎಲ್ಲ ನಾಟಕಗಳಲ್ಲಿಯೂ ರಾಜಾಪಾರ್ಟು ತಮಗೇ ಇಟ್ಟುಕೊಳ್ಳಬಹುದಿತ್ತು. ಅವರಿಗೆ ಕೀರ್ತಿ ಬಂದದ್ದು ಹಾಸ್ಯದ ಪಾತ್ರಗಳಿಂದ; ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿದರು. ತನಗೆ ಯಾವ ಪಾತ್ರ ಒಪ್ಪುತ್ತದೆಂಬುದನ್ನು ಬಲ್ಲ ಯಜಮಾನನ ಕೆಳಗೆ ಇತರರು ಬೆಳೆಯುತ್ತಾರೆ. ಡಾ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಬಿ.ವಿ. ಕಾರಂತರಂಥವರು ಆ ಕಂಪನಿಯ ನೆರಳಿನಲ್ಲಿ ಪಳಗಿದವರೆಂಬುದೇ ಸಾಕ್ಷಿ. ಒಂದು ತೆಂಗಿನ ಮರ ಇನ್ನೊಂದರ ಬಿಸಿಲು ನುಂಗದಂತೆ ಅಂತರ ಬಿಟ್ಟು ಗುಂಡಿ ತೋಡುವುದು ಎಲ್ಲ ತೋಟಗಾರರೂ ಬಲ್ಲ ವಿದ್ಯೆ.

ನನ್ನ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ‘ನಾಯಕನನ್ನು ಹೊರಗಿನವರು ಆರಿಸಹೊರಟರೆ ಅಲ್ಲಿ ಜಾತಿ ಬರುತ್ತದೆ, ಪಕ್ಷ ಬರುತ್ತದೆ, ಶಿಫಾರಸು ಬರುತ್ತದೆ.’ ಇದು ಸುಳ್ಳಲ್ಲ. 1936ರ ವಿಜ್ಜಿಯವರನ್ನು ಆ ಸ್ಥಾನಕ್ಕೇರಿಸಿದ್ದೂ ಹೊರಗಿನವರ ಪ್ರಭಾವವೇ ಹೊರತು ಅವರ ಬ್ಯಾಟಲ್ಲ. ಆದ್ದರಿಂದಲೇ ಇಡೀ ತಂಡವನ್ನು ಹೊರಗಿನವರಿಗೆ ಒಪ್ಪಿಸಿರೆಂದು ನಾನು ಹೇಳುತ್ತಿಲ್ಲ. ಇತರರನ್ನು ನಾಯಕನು ಆರಿಸಲಿ. ನಾಯಕನೊಬ್ಬನನ್ನು ಇತರರು ಆರಿಸಲಿ. ಒಬ್ಬನ ವಿಷಯದಲ್ಲಿ ಮಾತ್ರ ತೀರ್ಪು ಕೊಡುವವರಿಗೆ ಪಕ್ಷಪಾತಕ್ಕೆ ಇರುವ ಎಡೆಯೂ ಕಿರಿದು.

ಎರಡನೆಯ ಆಕ್ಷೇಪಣೆ: ‘ಹೀಗೆ ಮಾಡಿದರೆ ನಾಯಕನ ಗೌರವ ಕುಗ್ಗುತ್ತದೆ, ನಾಳೆ ಚಂದಾ ಎತ್ತುವವರೇ ಇರುವುದಿಲ್ಲ.’ ಇದು ಇನ್ನೂ ಗಟ್ಟಿಯಾದ ಮಾತು. ಆಡಲು ಸ್ಥಳ ಸಿಗುವುದೆಂಬ ಆಸೆಯಿಂದಲೇ ಅನೇಕರು ಈ ಭಾರ ಹೊರುತ್ತಾರೆ. ಆದರೆ ಶ್ರಮಕ್ಕೆ ಕೂಲಿಯಾಗಿ ಆಟದ ಸ್ಥಳವನ್ನು ಕೊಡುವ ಬದಲು ಶ್ರಮಕ್ಕೆ ಶ್ರಮದ್ದೇ ಆದ ಮರ್ಯಾದೆ ಕೊಡಬಾರದೇಕೆ? ಕಾಲೇಜಿನ ಬಹುಮಾನ ವಿತರಣೆಯಲ್ಲಿ ಉತ್ತಮ ಆಟಗಾರನಿಗೆ ಕಪ್ಪು ಕೊಡುವಂತೆ ತಂಡವನ್ನು ಚೆನ್ನಾಗಿ ನಡೆಸಿದವನಿಗೂ ಒಂದು ಪ್ರಶಸ್ತಿಪತ್ರ ಕೊಡಲಿ. ಅವನ ಹೆಸರು ಈ ವಾರ್ಷಿಕ ಸಂಚಿಕೆಯ ಕ್ರೀಡಾ ವರದಿಯಲ್ಲಿ ಮೊದಲು ಬರಲಿ. ಆಗ ಅಂಕಣದಿಂದ ಹೊರಗೆ ಕುಳಿತರೂ ಅವನು ನಾಯಕನೇ ಆಗಿ ಉಳಿಯುತ್ತಾನೆ.

ನಮ್ಮ ಕಾಲೇಜಿನ ಮಟ್ಟಿಗೆ ನಾನು ಅಧ್ಯಾಪಕರ ಮುಂದೆಯೂ ವಿದ್ಯಾರ್ಥಿ ಮಿತ್ರರ ಮುಂದೆಯೂ ಇಡುವ ಸೂಚನೆ ಸರಳವಾದದ್ದು. ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಗಳಿಗೆ ತಂಡ ಹೊರಡುವ ಮೊದಲು ಆಯ್ಕೆಯ ಸಭೆಯಲ್ಲಿ ನಾಯಕನು ಉಳಿದವರ ಹೆಸರುಗಳನ್ನು ಹೇಳಿ ಹೊರಗೆ ಹೋಗಲಿ. ಅವನ ಹೆಸರಿನ ಮೇಲೆ ಮೂವರು ತೀರ್ಮಾನಿಸಲಿ: ದೈಹಿಕ ಶಿಕ್ಷಣದ ನಿರ್ದೇಶಕರು, ಆ ಆಟದಲ್ಲಿ ಆಸಕ್ತಿಯುಳ್ಳ ಒಬ್ಬ ಅಧ್ಯಾಪಕರು, ಮತ್ತು ಬೇರೊಂದು ಆಟದ ನಾಯಕ ಅಥವಾ ನಾಯಕಿ. ತೀರ್ಮಾನವನ್ನೂ ಅದರ ಕಾರಣವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಚಂದಾ ಮತ್ತು ಖರ್ಚಿನ ಲೆಕ್ಕವನ್ನು ಸೂಚನಾ ಫಲಕದ ಮೇಲೆ ಅಂಟಿಸಲಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಅನುದಾನ ಬೇಕಾಗಿಲ್ಲ. ಹತ್ತು ನಿಮಿಷ ಬಾಗಿಲ ಹೊರಗೆ ನಿಲ್ಲುವ ಮನಸ್ಸು ಬೇಕು. ವಾಲಿಬಾಲ್ ಆಡುವವರಿಗಂತೂ ಇದು ಹೊಸದಲ್ಲ. ಸರ್ವಿಸು ನಮ್ಮ ಕಡೆಗೆ ಬಂದಾಗಲೆಲ್ಲ ಆರು ಮಂದಿಯೂ ಒಂದೊಂದು ಮನೆ ಸರಿಯಬೇಕು; ನಾಯಕನೆಂದು ಬಲೆಯ ಮುಂದೆಯೇ ಊರಿ ನಿಲ್ಲುವಂತಿಲ್ಲ. ಆ ಆಟದ ಕಾನೂನು ಅಂಕಣದೊಳಗೆ ಮಾಡಿಸುವುದನ್ನು ನಾವು ಅಂಕಣದ ಹೊರಗೂ ಮಾಡೋಣ.

ಆಟವಾಡದ ಮಿತ್ರರಿಗೂ ಇದು ಸಂಬಂಧಿಸಿದ್ದೆಂದು ಆರಂಭದಲ್ಲಿ ಹೇಳಿದ್ದೆ. ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನನ್ನ ತಂದೆಯವರು ಅರ್ಜಿಗೆ ಹೆಬ್ಬೆಟ್ಟು ಒತ್ತಿದರು. ಅದೇ ಅರ್ಜಿಯನ್ನು ತುಂಬಿದವನು ನಾನು. ನಾಳೆ ಊರಿಗೆ ಹಿಂದಿರುಗಿದಾಗ ಜನ ನಮ್ಮನ್ನು ‘ಓದಿದೋನು’ ಎಂದು ಕರೆದು ಒಂದಲ್ಲ ಒಂದು ಹೊಣೆಯನ್ನು ಹೆಗಲಿಗೆ ಹಾಕುತ್ತಾರೆ: ಹಾಲಿನ ಸೊಸೈಟಿ, ಪಂಚಾಯಿತಿ, ಯುವಕ ಸಂಘ, ಸ್ತ್ರೀಶಕ್ತಿ ಸಂಘ. ಇವೆಲ್ಲವೂ ಆಡುವವರೇ ನಡೆಸುವ ತಂಡಗಳು. ಹಾಲಿನ ಸೊಸೈಟಿಯ ಅಧ್ಯಕ್ಷನೂ ಹಾಲು ಹಾಕುವವನೇ. ಹಾಲು ಹಾಕದವನು ಅಧ್ಯಕ್ಷನಾಗಿದ್ದರೆ ಅವನಿಗೆ ಹಿಂಡಿಯ ಬೆಲೆಯಾಗಲಿ ಹಸುವಿನ ಕಷ್ಟವಾಗಲಿ ತಿಳಿಯುತ್ತಿರಲಿಲ್ಲ. ಆದರೆ ಬೆಳಗಿನ ಜಾವ ಸಾಲಿನಲ್ಲಿ ನಿಂತಾಗ ಅಧ್ಯಕ್ಷನ ಕ್ಯಾನಿನ ಹಾಲನ್ನೂ ಪರೀಕ್ಷೆ ಮಾಡುತ್ತಾರೆ. ಡಿಗ್ರಿ ಎಷ್ಟು, ಫ್ಯಾಟು ಎಷ್ಟು ಎಂದು ಬರೆಯುವವನು ಅಧ್ಯಕ್ಷನಲ್ಲ. ಆ ಒಂದು ಪರೀಕ್ಷೆ ನಿಂತ ದಿನ ಬೇಲಿಯೇ ಎದ್ದು ಹೊಲ ಮೇಯತೊಡಗುತ್ತದೆ.

ಓದಿದವರೆಂಬ ಕಾರಣಕ್ಕೆ ನಮ್ಮನ್ನು ಪರೀಕ್ಷಿಸುವವರು ಊರಿನಲ್ಲಿ ಕಡಿಮೆಯಾಗುತ್ತಾರೆ. ಆದ್ದರಿಂದ ಪರೀಕ್ಷೆಗೆ ಒಡ್ಡಿಕೊಳ್ಳುವ ಅಭ್ಯಾಸವನ್ನು ಇಲ್ಲಿಯೇ, ಈ ಮೈದಾನದಲ್ಲಿಯೇ, ಇನ್ನೂ ಕಳೆದುಕೊಳ್ಳುವುದಕ್ಕೆ ಹೆಚ್ಚೇನಿಲ್ಲದ ಈ ವಯಸ್ಸಿನಲ್ಲಿಯೇ ಕಲಿಯುವುದು ಲೇಸು. ಆಡುವವನೇ ನಡೆಸಲಿ, ನಡೆಸುವವನು ಸಂತೋಷದಿಂದ ಆಡಲಿ. ಆದರೆ ಅವನ ಸ್ಥಳವನ್ನು ತೂಗುವ ತಕ್ಕಡಿ ಮಾತ್ರ ಅವನ ಕೈಯಲ್ಲಿರದಿರಲಿ. ಮುಂದಿನ ವರ್ಷದ ನಾಯಕರು, ನಾಯಕಿಯರು ಈ ಸೂಚನೆಯನ್ನು ಒಮ್ಮೆ ಪ್ರಯೋಗಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಗೆರೆಯ ಆಚೆ ಬನಿಯನ್ನು ತೊಟ್ಟು ಕಾದು ಕುಳಿತ ಹುಡುಗನೋ ಹುಡುಗಿಯೋ ನಮ್ಮ ಕಾಲೇಜಿನಲ್ಲಿಯೂ ಇದ್ದಾರೆ.